ಹೊಗೆಯಿಲ್ಲದ ಬೆಂಕಿಗೂ ಗಾಳಿ ಬೇಕು

ಧನುರ್ಮಾಸ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಬೆಳಗಿನ ಚಳಿ ಮೈ ಕೊರೆಯುತ್ತದೆ. ಬಾಣಂತಿ ಕೋಣೆಗೆ, ಮುದುಕರ ಹಾಸಿಗೆಯ ಬಳಿಗೆ, ರೇಷ್ಮೆ ಹುಳು ಸಾಕುವ ಮನೆಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದು ಬಹುಕಾಲದ ರೂಢಿ. ಈಚೆಗೆ ‘ಬಯೋ ಇಥನಾಲ್ ಅಗ್ಗಿಷ್ಟಿಕೆ’ ಎಂಬ ಸಾಧನವೂ ಮಾರಾಟಕ್ಕೆ ಬಂದಿದೆ. ಹೊಗೆಯಿಲ್ಲ, ಬೂದಿಯಿಲ್ಲ, ಚಿಮಣಿ ಬೇಡ ಎಂಬುದು ಅದರ ಹೆಗ್ಗಳಿಕೆ. ಇದು ಹಳ್ಳಿಯ ಮನೆಗೆ ಒಗ್ಗೀತೇ ಎಂಬುದನ್ನು ರೈತ ಬಾಂಧವರು ಕೊಳ್ಳುವ ಮೊದಲೇ ತಿಳಿಯುವುದು ಒಳ್ಳೆಯದು.

ಕಾಣದ ಅಪಾಯ

ಕಬ್ಬಿನ ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಮುಂತಾದುವನ್ನು ಹುಳಿಯಿಸಿ ಬಟ್ಟಿ ಇಳಿಸಿದ ಮದ್ಯಸಾರವೇ ಇಥನಾಲ್. ಈಗ ಪೆಟ್ರೋಲಿಗೆ ಶೇಕಡ 20ರವರೆಗೆ ಬೆರೆಸುತ್ತಿರುವುದೂ ಇದನ್ನೇ. ಚೆನ್ನಾಗಿ ಉರಿದರೆ ಮಸಿ ಕಟ್ಟುವುದಿಲ್ಲ, ನಿಜ. ಆದರೆ ಒಂದು ಲೀಟರ್ ಉರಿದಾಗ ಸುಮಾರು ಒಂದೂವರೆ ಕಿಲೋ ಇಂಗಾಲದ ಡೈ ಆಕ್ಸೈಡ್ ಮತ್ತು ಸುಮಾರು 900 ಗ್ರಾಂ ನೀರಿನ ಆವಿ ಕೋಣೆಗೇ ಸೇರುತ್ತವೆ. ಬಾಗಿಲು ಕಿಟಕಿ ಮುಚ್ಚಿದ್ದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲಿನ ಕೆಂಡದಲ್ಲಂತೂ ಇದು ಬಹಳ ಹೆಚ್ಚು. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆಗಳು. ಮಲಗಿದವರಿಗೆ ಅದೂ ತಿಳಿಯದೆ ನಿದ್ರೆಯಲ್ಲೇ ಪ್ರಾಣ ಹೋಗಬಹುದು.

ಲಾಭವೇನು?

ಒಂದು ಲೀಟರ್ ಇಥನಾಲಿನಲ್ಲಿರುವ ಶಾಖ ಸುಮಾರು 6 ಯೂನಿಟ್ ವಿದ್ಯುತ್ತಿಗೆ, ಇಲ್ಲವೇ ಒಂದೂವರೆ ಕಿಲೋ ಒಣ ಸೌದೆಗೆ ಸಮ. ಹೊಲದ ಬದುವಿನ ಜಾಲಿ, ಕಡಲೆಕಾಯಿ ಸಿಪ್ಪೆ ಕೈಗೆ ಸಿಗುವ ನಮ್ಮ ಸೀಮೆಯಲ್ಲಿ ಈ ಲೆಕ್ಕ ಹಾಕಿ ನೋಡಿಯೇ ಹಣ ಬಿಚ್ಚಬೇಕು.

ಕೊಂಡವರು ಪಾಲಿಸಬೇಕಾದ ಕ್ರಮಗಳು

1. ಇಥನಾಲಿನ ಆವಿ ಸುಮಾರು 13 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸೀಮೆಎಣ್ಣೆಗಿಂತ ಹೆಚ್ಚು ಎಚ್ಚರ ಬೇಕು.

2. ಉರಿಯುವಾಗ ಅಥವಾ ಬಿಸಿಯಿರುವಾಗ ಎಣ್ಣೆ ಹೊಯ್ದಂತೆ ಇದನ್ನು ಹೊಯ್ಯಲೇಬಾರದು. ಹಗಲಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣದು. ಆರಿತೆಂದು ಕ್ಯಾನಿನಿಂದ ಸುರಿದರೆ ಬೆಂಕಿ ಕ್ಯಾನಿಗೇ ಹತ್ತಿ ಸುರಿದವರ ಮೇಲೆ ಚಿಮ್ಮುತ್ತದೆ. ಪೂರಾ ತಣ್ಣಗಾದ ಮೇಲೆ ತುಂಬಿಸಿ.

3. ಸೀರೆಯ ಸೆರಗು, ಹಾಸಿಗೆ, ತೊಟ್ಟಿಲುಗಳಿಂದ ಮೂರು ಅಡಿಯಾದರೂ ದೂರವಿಡಿ. ಗರಿ, ಹುಲ್ಲಿನ ಸೂರಿನಡಿ ಉರಿಸಬೇಡಿ.

4. ಚೆಲ್ಲಿ ಹೊತ್ತಿಕೊಂಡರೆ ಒದ್ದೆ ಗೋಣಿಯಿಂದ ಮುಚ್ಚಿ.

5. ಕ್ಯಾನನ್ನು ಬೀಗದಲ್ಲಿಡಿ. ಉರುವಲಿಗೆಂದು ಮಾರುವ ಸ್ಪಿರಿಟ್‌ನಲ್ಲಿ ವಿಷ ಬೆರೆತಿರುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಮದ್ಯಸಾರ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಮರೆಯಬಾರದು.

ರೇಷ್ಮೆ ಮನೆಯಲ್ಲಿ

ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕು. ಹಾಗೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟು, ಕಾವಲಿಗೆ ಅಲ್ಲೇ ಮಲಗುವ ಪದ್ಧತಿಯನ್ನು ಬಿಡಬೇಕು. ಇಥನಾಲಿನ ಆವಿಯಿಂದ ತೇವ ಹೆಚ್ಚಿದರೆ ದೊಡ್ಡ ಹುಳುಗಳಿಗೂ ಒಳ್ಳೆಯದಲ್ಲ. ವಿದ್ಯುತ್ ಹೀಟರ್ ಬಳಸಿ, ಗಾಳಿಗಿಂಡಿ ತೆರೆದಿಡುವುದು ಲೇಸು.

ಮನೆಗೆ ಯಾವುದು ಮೇಲು?

ಚಿಮಣಿ ಇರುವ ಒಲೆಯೇ ಮೇಲು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ನಡೆಸಿತು. ಆ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಸೌದೆ ಉಳಿಸಿ ಹೊಗೆಯನ್ನು ಚಿಮಣಿಯ ಮೂಲಕ ಹೊರಗೆ ಕಳಿಸುತ್ತದೆ. ಬಾಣಂತಿಯ, ಮುದುಕರ ಹಾಸಿಗೆಯನ್ನು ಇಂಥ ಒಲೆಯ ಗೋಡೆಗೆ ಹೊಂದಿದ ಕೋಣೆಯಲ್ಲಿ ಹಾಕಿ, ಮೇಲೊಂದು ಕಂಬಳಿ ಹೊದಿಸಿ. ಬಿಸಿಲು ಬಂದೊಡನೆ ಕಿಟಕಿ ತೆರೆಯಿರಿ.

ಯಾವ ಬೆಂಕಿಯೇ ಇರಲಿ, ಮಲಗುವ ಮುನ್ನ ಆರಿಸಿ. ಅಗ್ಗಿಷ್ಟಿಕೆಯನ್ನು ಕೆಂಡದ ಸಮೇತ ಹೊರಗಿಡಿ. ಉರಿಯುವಷ್ಟು ಹೊತ್ತು ಒಂದು ಕಿಟಕಿಯಾದರೂ ತೆರೆದಿರಲಿ. ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಬಯಲು ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿ.