ನಿಮಗಿದು ಗೊತ್ತೇ? ಎತ್ತಿಗೆ ಎಂಟು ಲಾಳ

ಕುದುರೆಗೆ ನಾಲ್ಕು ಲಾಳ ಸಾಕು, ಎತ್ತಿಗೆ ಎಂಟು ಬೇಕು! ಗೊರಸು ಸೀಳಿರುವುದರಿಂದ ಕಾಲಿಗೆ ಎರಡೆರಡು. ಕುದುರೆ ನಿಂತಲ್ಲೇ ಲಾಳ ಹೊಡೆಸಿಕೊಳ್ಳುತ್ತದೆ. ಎತ್ತನ್ನು ಸಾಮಾನ್ಯವಾಗಿ ಕೆಡವಿ, ಕಾಲು ಕಟ್ಟಿ ಹೊಡೆಯಬೇಕು. ಮೆತ್ತನೆಯ ಎರೆ ಹೊಲದಲ್ಲೇ ದುಡಿಯುವ ಎತ್ತಿಗೆ ಲಾಳದ ಹಂಗಿಲ್ಲ. ಖಡಿ ರಸ್ತೆಯಲ್ಲಿ ಬಂಡಿ ಎಳೆಯುವ ಎತ್ತಿಗೇ ಅದು ಬೇಕು.

ದನಗಳ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ. ಕೆಳಗಿನ ಎಂಟು ಹಲ್ಲುಗಳೇ ಅವುಗಳ ಜಾತಕ. ಸಂತೆಯಲ್ಲಿ ದಲ್ಲಾಳಿ ಎತ್ತಿನ ಬಾಯಿ ಬಿಡಿಸಿ ನೋಡುವುದು ಇದಕ್ಕೇ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವಯಸ್ಸು ಎರಡು ವರ್ಷ ದಾಟಿದೆ. ಎಂಟೂ ಬಂದಿದ್ದರೆ ‘ಬಾಯಿ ಕೂಡ್ಯಾವ’, ಅಂದರೆ ಹೆಚ್ಚುಕಡಿಮೆ ನಾಲ್ಕೈದು ವರ್ಷದ್ದು, ದುಡಿಮೆಗೆ ಹದವಾದದ್ದು. ಬೆಲೆಯ ಮಾತು ಮಾತ್ರ ಬಾಯಲ್ಲಿ ಇಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಕುದುರಿತೆಂದು ತಿಳಿಯದು.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಲ್ಲಿ ರೈತ ಆಕಳು ಸಾಕುತ್ತಿದ್ದದ್ದು ಹಾಲಿಗಿಂತ ಹೆಚ್ಚಾಗಿ ಹೋರಿಗರುವಿಗಾಗಿ. ಹಾಲು, ಮೊಸರು, ಬೆಣ್ಣೆಗೆ ಎಮ್ಮೆ ಇತ್ತಲ್ಲ! ಧಾರವಾಡ ಪೇಢೆಯ ರುಚಿಯ ಹಿಂದೆಯೂ ಎಮ್ಮೆಯ ಹಾಲಿದೆ. ಆ ಎಮ್ಮೆಗೆ ಈಗ ಊರ ಹೆಸರಿನ ಅಧಿಕೃತ ಗುರುತೂ ಸಿಕ್ಕಿದೆ. ‘ಧಾರವಾಡಿ’ ಎಮ್ಮೆಯನ್ನು 2021ರಲ್ಲಿ ದೇಶದ ಪ್ರತ್ಯೇಕ ತಳಿಯಾಗಿ ನೋಂದಾಯಿಸಲಾಯಿತು. ಪೇಢೆಯ ಡಬ್ಬಿಯ ಮೇಲೆ ಎಮ್ಮೆಯ ಚಿತ್ರ ಹಾಕಲು ಇದುವರೆಗೆ ಯಾರಿಗೂ ಮನಸ್ಸು ಬಂದಂತಿಲ್ಲ.

ಎತ್ತುಗಳಲ್ಲೂ ಕೆಲಸದ ಹಂಚಿಕೆ ಉಂಟು. ಹಗುರ ಮೈಯ, ಚುರುಕು ನಡೆಯ ಕಿಲಾರಿ ಬಂಡಿಗೂ ಓಟಕ್ಕೂ ಸೈ. ಅಂಟು ಎರೆಮಣ್ಣಿನಲ್ಲಿ ನಿಧಾನವಾಗಿ, ಜಗ್ಗದೆ ಎಳೆಯಲು ಕೃಷ್ಣಾ ತೀರದ ದಪ್ಪ ಮೈಯ ತಳಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯ ಈ ತಳಿಯನ್ನು 19ನೇ ಶತಮಾನದಲ್ಲಿ ಈ ಭಾಗದ ಸಂಸ್ಥಾನಿಕರು ಗಿರ್, ಓಂಗೋಲ್ ಮೊದಲಾದ ತಳಿಗಳನ್ನು ಸ್ಥಳೀಯ ದನಗಳೊಂದಿಗೆ ಬೆರೆಸಿ ರೂಪಿಸಿದರು. ಇನ್ನೊಂದು ಸಂಗತಿ ಕೇಳಿ: ಅಮೆರಿಕದ ಪ್ರಸಿದ್ಧ ‘ಬ್ರಾಹ್ಮನ್’ ದನದ ಮೂಲ ತಳಿಗಳಲ್ಲಿ ಈ ಕೃಷ್ಣಾ ತೀರದ್ದೂ ಒಂದು. ಅಲ್ಲಿ ಅದರ ವಂಶ ಲಕ್ಷಗಟ್ಟಲೆ ಬೆಳೆಯಿತು. ಇಲ್ಲಿ ಶುದ್ಧ ತಳಿಯ ಜೋಡಿ ಹುಡುಕಲು ಹಳ್ಳಿ ಹಳ್ಳಿ ಅಲೆಯಬೇಕು.

ಕಿಲಾರಿ ತಳಿ ಬೆಳೆಸುವ ಸರ್ಕಾರಿ ಕೇಂದ್ರ ಇರುವುದು ಎಲ್ಲಿ ಗೊತ್ತೇ? ಹಾವೇರಿ ಜಿಲ್ಲೆಯ ಬಂಕಾಪುರದ ಹಳೆಯ ಕೋಟೆಯೊಳಗೆ. ದನಗಳಿಗಾಗಿ ಕಾಯ್ದುಕೊಂಡ ಆ ಹಸಿರು ಆವರಣ ನವಿಲುಗಳಿಗೂ ಒಗ್ಗಿ, ಕೋಟೆ ಈಗ ನವಿಲುಧಾಮವೂ ಆಗಿದೆ.

ಇಂಗ್ಲೆಂಡಿನ ಜೆಥ್ರೊ ಟಲ್ 1701ರಲ್ಲಿ ಬೀಜ ಬಿತ್ತುವ ಯಂತ್ರ ಕಂಡುಹಿಡಿದನೆಂದು ಶಾಲೆಯಲ್ಲಿ ಓದಿದ್ದೀರಿ. ನಮ್ಮ ಕೂರಿಗೆಯ ಸಂಗತಿ ಅಲ್ಲಿ ಬರುವುದಿಲ್ಲ. 1795ರಲ್ಲಿ ಕ್ಯಾಪ್ಟನ್ ಥಾಮಸ್ ಹ್ಯಾಲ್ಕಾಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ದಕ್ಷಿಣ ಭಾರತದ ಕೂರಿಗೆ ಬೇಸಾಯವನ್ನು ಕಣ್ಣಾರೆ ಕಂಡು ಬರೆದು ಕಳಿಸಿದ. ಸಾಲು ಬಿತ್ತನೆ ಯುರೋಪಿನ ಹೊಸ ಬುದ್ಧಿ ಎಂದುಕೊಂಡಿದ್ದವನಿಗೆ ಇಲ್ಲಿಯ ಒಕ್ಕಲಿಗರು ಅದನ್ನು ದಿನನಿತ್ಯದ ಕೆಲಸವಾಗಿ ಮಾಡುತ್ತಿರುವುದು ಕಂಡಿತ್ತು. ಮೂರು ಅಥವಾ ನಾಲ್ಕು ತಾಳು, ಒಂದೊಂದಕ್ಕೂ ಬಿದಿರಿನ ಕೊಳವೆ, ಮೇಲೆ ಒಂದು ಮರದ ಬಟ್ಟಲು. ಮುಂದೆ ಒಂದು ಜೋಡಿ ಎತ್ತು. ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು. ಬಟ್ಟಲಿಗೆ ಕಾಳು ಬಿಡುವ ಅವಳ ಕೈಯ ಹದದಲ್ಲಿ ಇಡೀ ವರ್ಷದ ಪೀಕು ನಿಂತಿರುತ್ತದೆ. ಎತ್ತು ಹೆಜ್ಜೆ ಬಿರುಸು ಮಾಡಿದರೆ ಬೀಜ ತೆಳುವಾಗುತ್ತದೆ, ನಿಂತರೆ ಒಂದೇ ಕಡೆ ಸುರಿಯುತ್ತದೆ. ಅದಕ್ಕೇ ಬಿತ್ತನೆಗೆ ಹೂಡುವುದು ಅನುಭವಿ ಜೋಡಿಯನ್ನು. ಹೊಸ ಹೋರಿಗಳಿಗೆ ಅಂದು ರಜೆ. ತೊಗರಿಯಂಥ ಅಕ್ಕಡಿ ಕಾಳಿಗೆ ಬೇರೆಯದೇ ಒಂದು ಕೊಳವೆ. ಅದನ್ನು ಹಗ್ಗದಿಂದ ಕೂರಿಗೆಗೆ ಕಟ್ಟಿ ಹಿಂದೆ ಎಳೆಸುತ್ತಾರೆ.

ಹೊಲದ ಅಳತೆಯೂ ಎತ್ತಿನದೇ! ‘ಅವರದು ಆರು ಕೂರಿಗಿ ಹೊಲ’ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಒಂದು ಜೋಡಿ ಒಂದು ದಿನಕ್ಕೆ ಬಿತ್ತುವಷ್ಟು ನೆಲ ಒಂದು ಕೂರಿಗಿ. ಹಲವು ಊರುಗಳಲ್ಲಿ ಅದನ್ನು ನಾಲ್ಕು ಎಕರೆಗೆ ಸಮ ಎಂದು ಹಿಡಿಯುತ್ತಾರೆ.

ಹತ್ತಿಕಾಳನ್ನು ಬಿತ್ತುವ ಮೊದಲು ಸೆಗಣಿಯಲ್ಲಿ ಉಜ್ಜಿ ಒಣಗಿಸುತ್ತಿದ್ದರು. ಕಾಳಿಗೆ ಅಂಟಿದ ನವಿರು ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೊಳವೆಯಲ್ಲಿ ಇಳಿಯುವುದಿಲ್ಲ. ಸೆಗಣಿ ಹಚ್ಚಿದರೆ ಎಳೆ ಅಂಟಿಕೊಂಡು ಕಾಳು ನುಣುಪಾಗುತ್ತದೆ, ಸರಾಗ ಜಾರುತ್ತದೆ. ಬಿತ್ತಿ ಮಿಕ್ಕ ಹತ್ತಿಕಾಳು ಹೈನದ ಎಮ್ಮೆಗೂ ದುಡಿಯುವ ಎತ್ತಿಗೂ ಮೇವು.

ಎರೆ ಹೊಲವನ್ನು ಪ್ರತಿವರ್ಷ ನೇಗಿಲು ಹೂಡಿ ಉಳುತ್ತಿರಲಿಲ್ಲ. ಕುಂಟೆಯಲ್ಲಿ ಹರಗುವುದೇ ಮುಖ್ಯ ಕೆಲಸ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಹಿಂಗಾರಿಯ ಬಿಳಿಜೋಳ, ಕಡಲೆ, ಗೋದಿ ಆ ತೇವದ ಮೇಲೆಯೇ ಬೆಳೆಯಬೇಕು. ಆದರೆ ಆಳಕ್ಕೆ ಬೇರು ಬಿಡುವ ಕರಿಕೆ ಹೊಲಕ್ಕೆ ನುಗ್ಗಿತೆಂದರೆ ಕುಂಟೆ ಸಾಲದು. ಆಗ ದೊಡ್ಡ ನೇಗಿಲು ಹೊರಬೀಳುತ್ತಿತ್ತು, ಅದಕ್ಕೆ ನಾಲ್ಕು ಜೋಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎತ್ತು. ಅಷ್ಟು ಎತ್ತು ಒಬ್ಬನ ಮನೆಯಲ್ಲಿ ಎಲ್ಲಿರಬೇಕು? ಓಣಿಯವರೆಲ್ಲ ಎತ್ತು ಕೂಡಿಸುತ್ತಿದ್ದರು, ಇಂದು ನಿನ್ನ ಹೊಲ, ನಾಳೆ ನನ್ನದು. ಒಂದೇ ಎತ್ತಿದ್ದ ಬಡವ ಇನ್ನೊಬ್ಬ ಒಂಟೆತ್ತಿನವನ ಜೊತೆ ಜೋಡಿ ಕಟ್ಟುತ್ತಿದ್ದ. ಸಹಕಾರಿ ಸಂಘದ ಕಾಯ್ದೆ ಬರುವ ಮೊದಲೇ ಇದೆಲ್ಲ ನಡೆದಿತ್ತು.

ಕಬ್ಬಿಣದ ನೇಗಿಲು ನೆಲಕ್ಕೆ ವಿಷ ಎಂದು ರೈತರು ಹೆದರಿದ್ದುಂಟು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 20ನೇ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ ಕೊಳ್ಳುವವರೇ ಇರಲಿಲ್ಲ. ಅದಕ್ಕೂ ಮೊದಲು ಅವರು ಮಾಡಿದ್ದು ಕಣಕಿ ಕತ್ತರಿಸುವ ಯಂತ್ರ. ಇಂದಿನ ದೊಡ್ಡ ಕೈಗಾರಿಕಾ ಮನೆತನವೊಂದರ ಅಡಿಪಾಯದಲ್ಲಿ ದನದ ಮೇವೂ ಎತ್ತಿನ ನೇಗಿಲೂ ಇವೆ ಎಂದಾಯಿತು.

ಗಿಡ್ಡ ಹೈಬ್ರಿಡ್ ಜೋಳ ಬಂದಾಗ ಈ ಸೀಮೆಯ ಅನೇಕರು ಹಿಂಗಾರಿಗೆ ಎತ್ತರದ ಮಾಲದಂಡಿಯನ್ನೇ ಹಿಡಿದುಕೊಂಡರು. ‘ಹೊಸದಕ್ಕೆ ಒಗ್ಗದ ರೈತರು’ ಎಂದು ಬೈದವರಿಗೆ ಅರ್ಧ ಲೆಕ್ಕ ಮಾತ್ರ ಗೊತ್ತಿತ್ತು. ತೆನೆ ಮನುಷ್ಯರಿಗೆ, ಕಣಕಿ ದನಕ್ಕೆ. ಬಣವೆ ಸಣ್ಣದಾದರೆ ಬೇಸಿಗೆಯಲ್ಲಿ ಎತ್ತು ಮಾರಬೇಕು, ಎತ್ತು ಮಾರಿದರೆ ಮುಂದಿನ ಬಿತ್ತನೆ ಇಲ್ಲ. ಇಳುವರಿಯ ಪಟ್ಟಿಯಲ್ಲಿ ಬರೀ ಕಾಳಿನ ಅಂಕಿ ಬರೆದವರು ಇದನ್ನು ನೋಡಲೇ ಇಲ್ಲ.

ಅದೇ ಜೋಳ ಎಳೆಯದಿದ್ದಾಗ ದನದ ಪ್ರಾಣ ತೆಗೆಯಬಲ್ಲದು. ಮಳೆಯಿಲ್ಲದೆ ಬಾಡಿದ ಎಳೆ ಪೈರಿನಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಸೈನೈಡ್ ವಿಷ ಹುಟ್ಟಿಸುವ ಅಂಶ ಇರುತ್ತದೆ. ರಸಾಯನಶಾಸ್ತ್ರ ಓದದ ದನಗಾಹಿ ಹುಡುಗರೂ ಅಂಥ ಹೊಲದತ್ತ ದನ ಬಿಡುತ್ತಿರಲಿಲ್ಲ.

ಎಡೆಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಬಲೆಯ ಚೀಲ, ಪೈರು ತಿನ್ನದಿರಲಿ ಎಂದು. ನೊಗವೂ ಬೇರೆ: ಎರಡೂ ಎತ್ತು ಸಾಲಿನ ನಡುವೆಯೇ ಕಾಲಿಡಬೇಕಾದರೆ ಸಾಲಿನ ಅಂತರ ನೋಡಿಯೇ ನೊಗದ ಉದ್ದ.

ಹಂತಿ ಕಟ್ಟುವುದರಲ್ಲೂ ಲೆಕ್ಕವಿದೆ. ಕಣದ ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತು ಹಾಕುತ್ತವೆ. ಮೇಟಿಯ ಪಕ್ಕದ ಎತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನದು ಹಲವು ಪಟ್ಟು ನಡೆಯಬೇಕು. ಹಾಗಾಗಿ ಮುದಿ ಎತ್ತು ಒಳಗೆ, ಕಸುವಿನ ಎತ್ತು ಹೊರಗೆ. ರಾತ್ರಿ ನಿದ್ದೆ ಬಾರದಿರಲು ಹಂತಿ ಹಾಡು. ಉತ್ತರ ಕರ್ನಾಟಕದ ಜನಪದ ಹಾಡುಗಳಲ್ಲಿ ಅದರದೇ ಒಂದು ಬಗೆ ಬೆಳೆದುಬಿಟ್ಟಿತು. ಎತ್ತು ಬಾಲ ಎತ್ತಿತೆಂದರೆ ಹಿಂದಿದ್ದವ ಕೈಯೊಡ್ಡಿ ಸೆಗಣಿ ಹಿಡಿಯಬೇಕು, ಕಾಳಿಗೆ ಬೀಳಬಾರದು. ಟ್ರ್ಯಾಕ್ಟರ್ ಹಾಯಿಸಿ ರಾಶಿ ಮಾಡುವವರಿಗೆ ಈ ತಾಪತ್ರಯವಿಲ್ಲ. ಹಾಡೂ ಇಲ್ಲ.

ಹಳೆಯ ಮನೆಗಳನ್ನು ನೋಡಿದ್ದೀರಾ? ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಹಕ್ಕಿ ಮತ್ತು ಮೇವು ಹಾಕುವ ಗೋದಲಿ. ಅದಕ್ಕಿಂತ ಎತ್ತರದಲ್ಲಿ ಕಟ್ಟೆ, ಪಡಸಾಲೆ. ಒಂದೇ ಬಾಗಿಲು, ಒಂದೇ ಚಿಲಕ. ಕಳ್ಳ ಎತ್ತು ಬಿಚ್ಚಬೇಕಾದರೆ ಮನೆ ಮಂದಿಯ ಕಣ್ಣೆದುರೇ ಹಾಯಬೇಕು.

ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸಲು ಮೊಳೆಯಲ್ಲ, ಸೆಗಣಿಯ ಕುಳ್ಳು ಬೇಕು! ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಇಡುತ್ತಾರೆ. ಕಾದು ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಬಿಗಿಯಾಗಿ ಕೂರುತ್ತದೆ. ಸಮನಾಗಿ, ನಿಧಾನವಾಗಿ ಉರಿಯುವ ಕುಳ್ಳಿನ ಕಾವೇ ಇದಕ್ಕೆ ತಕ್ಕದ್ದು. ಅಚ್ಚಿಗೆ ಹಚ್ಚುವ ಕೀಲೆಣ್ಣೆ ಮಾತ್ರ ಔಡಲದ್ದು.

ಹತ್ತು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 50 ಕಿಲೋ ಸಾರಜನಕ ಇರುತ್ತದೆ. ಯೂರಿಯಾ ಲೆಕ್ಕದಲ್ಲಿ ನೂರು ಕಿಲೋಗಿಂತ ತುಸು ಹೆಚ್ಚು. ‘ಇಷ್ಟೇನಾ?’ ಎನ್ನಬೇಡಿ. ಯೂರಿಯಾ ಮಣ್ಣಿಗೆ ಸಾರಜನಕ ಮಾತ್ರ ಕೊಡುತ್ತದೆ. ತಿಪ್ಪೆಯ ಗೊಬ್ಬರ ರಂಜಕ, ಪೊಟ್ಯಾಷ್ ಜೊತೆಗೆ ನೀರು ಹಿಡಿಯುವ ಗುಣವನ್ನೂ ಕೊಡುತ್ತದೆ, ಒಂದಲ್ಲ ಎರಡು ಮೂರು ಪೀಕಿಗೆ ಒದಗುತ್ತದೆ.

ಜೋಳ ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿಗೂ ಕಲ್ಲು, ಮಣ್ಣು, ಸೆಗಣಿಯದೇ ಮೆತ್ತಿಗೆ. ಗಾಳಿಯಾಡದ ಹಗೇವಿನಲ್ಲಿ ಹುಳು ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ತೆರೆದ ಮೇಲೆ ದೀಪ ಇಳಿಸಿ, ಆರದಿದ್ದರೆ ಮಾತ್ರ ಒಳಗೆ ಇಳಿಯುತ್ತಿದ್ದರು.

ವಿಭೂತಿಗೂ ಆಕಳ ಸೆಗಣಿಯೇ ಮೂಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಗೋಶಾಲೆಯೂ ಇದೆ, ವಿಭೂತಿ ತಯಾರಿಕೆಯೂ ಇದೆ. ದೀಪಾವಳಿಯ ಪಾಡ್ಯದಂದು ಈ ಭಾಗದ ಮನೆಗಳಲ್ಲಿ ಪಾಂಡವರನ್ನು ಮಾಡುವುದೂ ಸೆಗಣಿಯಿಂದಲೇ. ಹೂವು, ಉತ್ತರಾಣಿ ಕಡ್ಡಿ ಚುಚ್ಚಿದ ಆ ಪುಟ್ಟ ಪಾಂಡವರು ಬಾಗಿಲ ಎರಡೂ ಬದಿ ಕೂರುತ್ತಾರೆ.

ರೈಲು ಬರುವ ಮೊದಲು ಧಾರವಾಡದ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ಹತ್ತಿದ್ದರಿಂದ ಬೊಂಬಾಯಿಯ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಹತ್ತಿಯ ಬೆಲೆ ಗಗನಕ್ಕೇರಿದಾಗ ಘಟ್ಟದ ಹಾದಿಯಲ್ಲಿ ಸವೆದದ್ದು ಎತ್ತಿನ ಗೊರಸು.

1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನಟ್ಟಿ ಡಂಬಳ, ಮಲಪ್ರಭೆಯ ಸೀಮೆಯಲ್ಲಿ ಅಲೆದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಫಿರಂಗಿಗಳನ್ನೂ ದವಸವನ್ನೂ ಎಳೆದದ್ದು ಎತ್ತುಗಳೇ. ಮುಂದೆ ನೆಪೋಲಿಯನ್ನನ ಪಡೆಗಳೊಡನೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಾದುವಾಗ ಮೈಸೂರಿನ ಅಮೃತಮಹಲ್ ಎತ್ತುಗಳಿಲ್ಲವಲ್ಲ ಎಂದು ಆತ ಕೊರಗಿದ್ದನಂತೆ.

ಇನ್ನೂ ಹಿಂದೆ ಹೋದರೆ ದನ ಎಂದರೆ ಸಂಪತ್ತು, ಹಾಗಾಗಿ ಯುದ್ಧಕ್ಕೂ ಕಾರಣ. ಊರ ದನಗಳನ್ನು ಹೊಡೆದೊಯ್ಯುವ ತುರುಗೋಳಿನಲ್ಲಿ ಕಾದಾಡಿ ಸತ್ತವರ ವೀರಗಲ್ಲುಗಳು ಈ ಸೀಮೆಯ ತುಂಬ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಮತ್ತು ದನಗಳು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಮಹಾಭಾರತದ ಗೋಗ್ರಹಣದ ಕಥೆ ನಡೆದ ವಿರಾಟನಗರಿ ನಮ್ಮದೇ ಎಂದು ಹಾನಗಲ್ಲಿನವರು ಹೇಳುವುದಕ್ಕೆ ಅಲ್ಲಿಯ ಶಾಸನಗಳ ಬೆಂಬಲವಿದೆ.

ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿಸಿದ ಎರಡನೆಯ ರೋಗ ಯಾವುದು? ರಿಂಡರ್‌ಪೆಸ್ಟ್, ದನಗಳ ಮಾರಿ. 2011ರಲ್ಲಿ ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾದ ಕಥೆ ಹೇಳುವ ಅಜ್ಜಂದಿರಿಗೆ ಈ ಸುದ್ದಿ ಯಾರಾದರೂ ತಿಳಿಸಿದರೋ ಇಲ್ಲವೋ.

ಕಾರಹುಣ್ಣಿಮೆಯಂದು ಎತ್ತು ಓಡಿಸಿ ಕರಿ ಹರಿಯುವಾಗ ಮುಂದೆ ಬಂದ ಎತ್ತಿನ ಬಣ್ಣವೇ ಆ ವರ್ಷದ ಭವಿಷ್ಯ. ಬಿಳಿ ಎತ್ತು ಗೆದ್ದರೆ ಬಿಳಿಜೋಳ, ಹತ್ತಿಯಂಥ ಹಿಂಗಾರಿ ಪೀಕು, ಕಂದು ಎತ್ತು ಗೆದ್ದರೆ ಮುಂಗಾರಿ. ಈ ಭವಿಷ್ಯ ಎಷ್ಟು ನಿಜವಾಯಿತೆಂದು ಯಾರೂ ಲೆಕ್ಕವಿಟ್ಟಿಲ್ಲ, ಇಡಬೇಕಾಗಿಯೂ ಇಲ್ಲ. ಆ ದಿನಕ್ಕಾಗಿ ಎತ್ತಿಗೆ ವಾರಗಟ್ಟಲೆ ಸಿಗುವ ವಿಶ್ರಾಂತಿ, ಗೊಟ್ಟದಲ್ಲಿ ಹಾಕುವ ಮಜ್ಜಿಗೆ, ಅರಿಶಿನ, ಎಣ್ಣೆ ಇವೆಯಲ್ಲ, ಮುಂಗಾರಿನ ದುಡಿಮೆಗೆ ಮೈ ಸಿದ್ಧವಾಗುವುದು ಅವುಗಳಿಂದ.

2012ರ ಜಾನುವಾರು ಗಣತಿಯಲ್ಲಿ ದೇಶದ ಹೋರಿ, ಎತ್ತುಗಳ ಸಂಖ್ಯೆ ಸುಮಾರು 6.8 ಕೋಟಿ. 2019ರಲ್ಲಿ ಸುಮಾರು 4.7 ಕೋಟಿ. ಏಳೇ ವರ್ಷದಲ್ಲಿ ನೂರಕ್ಕೆ ಮೂವತ್ತು ಇಳಿಕೆ. ಬಾಡಿಗೆ ಟ್ರ್ಯಾಕ್ಟರ್ ಎರಡು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ವರ್ಷವಿಡೀ ಒಂದು ಜೋಡಿಯನ್ನು ಸಾಕು ಎಂದು ಸಣ್ಣ ರೈತನಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಎತ್ತು ಹೋದ ಮನೆಯ ತಿಪ್ಪೆಯೂ ಹೋಗುತ್ತದೆ, ಆ ನಷ್ಟ ಯಾವ ಬಾಡಿಗೆಯ ರಸೀದಿಯಲ್ಲೂ ಕಾಣುವುದಿಲ್ಲ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಈ ಸಲ ಎತ್ತು ಕೊಳ್ಳುವಾಗ ಬಣ್ಣ ಬಳಿದ ಪಿಒಪಿ ಜೋಡಿ ಬಿಟ್ಟು, ಕುಂಬಾರರ ಕೈಯ ಹಸಿಮಣ್ಣಿನ ಜೋಡಿಯನ್ನೇ ತನ್ನಿ. ಗೋದಲಿಯನ್ನೂ ಮರೆಯದೆ ಕೇಳಿ ತನ್ನಿ, ಎತ್ತಿನ ಜೊತೆ ಅದನ್ನೂ ಕೊಡುತ್ತಾರೆ.