ಐಸಿಯುವಿನಿಂದ ವಾರ್ಡಿಗೆ: ತಡವಾಗುವ ದಿನಗಳು

“ಇನ್ನೊಂದೆರಡು ದಿನ ಐಸಿಯುವಿನಲ್ಲೇ ಇರಲಿ ಡಾಕ್ಟರೇ” ಎಂಬ ಮಾತನ್ನು ಅನೇಕ ಕುಟುಂಬಗಳಿಂದ ಕೇಳಿದ್ದೇನೆ. ನನ್ನ ಹಳೆಯ ರೋಗಿಯೊಬ್ಬರು ನ್ಯುಮೋನಿಯಾದಿಂದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದರು. ಇನ್ನು ವಾರ್ಡಿಗೆ ಕಳುಹಿಸಬಹುದೆಂದು ಅಲ್ಲಿಯ ವೈದ್ಯರು ಹೇಳಿದಾಗ ಅವರ ಮಗ ಅಂಜಿ ನನಗೆ ಫೋನ್ ಮಾಡಿದರು. “ಇರಲಿ ಬಿಡಿ” ಎಂದೆ. ಮೂರನೆಯ ರಾತ್ರಿ ಆ ಹಿರಿಯರಿಗೆ ಬುದ್ಧಿಭ್ರಮೆಯುಂಟಾಯಿತು. ತೀರಿಹೋದ ಪತ್ನಿಯನ್ನು ಕೂಗುತ್ತ ಸಲೈನ್ ನಳಿಕೆಯನ್ನು ಕಿತ್ತುಕೊಂಡರು. ವಾರ್ಡಿಗೆ ತಂದು, ಮಗ ಪಕ್ಕದಲ್ಲಿ ಕುಳಿತ ಮೇಲೆ ಮೂರು ನಾಲ್ಕು ದಿನಗಳಲ್ಲಿ ತಿಳಿಯಾದರು. ನಾನಿತ್ತ ಸಲಹೆ ತಪ್ಪಾಗಿತ್ತು.

ಐಸಿಯುವಿನಲ್ಲಿ ಹಗಲಿರುಳಿನ ಭೇದ ಕಡಿಮೆ. ದೀಪ ಆರುವುದಿಲ್ಲ, ಯಂತ್ರಗಳ ಸದ್ದು ನಿಲ್ಲುವುದಿಲ್ಲ, ಪರಿಚಿತ ಮುಖಗಳಿಲ್ಲ. ನಿದ್ರೆಗೆಟ್ಟ ವೃದ್ಧರ ಮನಸ್ಸು ಬೇಗ ಕದಡುತ್ತದೆ. ಇದನ್ನೇ ಡೆಲಿರಿಯಂ ಎನ್ನುವುದು. ದೇಹವೂ ಸೊರಗುತ್ತದೆ. ಲಂಡನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ಅಸ್ವಸ್ಥರ ತೊಡೆಯ ಸ್ನಾಯು 10 ದಿನಗಳಲ್ಲಿ ಆರರಲ್ಲೊಂದು ಭಾಗಕ್ಕಿಂತ ಹೆಚ್ಚು ಕ್ಷೀಣಿಸಿತ್ತು. ಔಷಧಕ್ಕೆ ಬಗ್ಗದ ರೋಗಾಣುಗಳ ಸೋಂಕಿನ ಭಯ ಬೇರೆ.

ಅಗತ್ಯವಿದ್ದಾಗ ಐಸಿಯು ಜೀವವುಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಪೂರ್ಣ ಗುಣವಾಗುವವರೆಗೆ ಅಲ್ಲಿರಬೇಕೆಂದಿಲ್ಲ. ದಾಖಲಿಸಲು ಕಾರಣವಾದ ರೋಗವು ತಕ್ಕಮಟ್ಟಿಗೆ ಶಮನಗೊಂಡು ಸ್ಥಿರವಾಗಿದ್ದರೆ, ದೇಹಸ್ಥಿತಿ ಸಹಜಕ್ಕೆ ಸಮೀಪಿಸಿದ್ದರೆ ಹೊರತರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯದ 2023ರ ಮಾರ್ಗಸೂಚಿ ಹೇಳುತ್ತದೆ. ಪಂಚಕರ್ಮದ ಬಳಿಕ ನಾವು ಒಮ್ಮೆಗೇ ಊಟ ಬಡಿಸುವುದಿಲ್ಲ. ಪೇಯ, ವಿಲೇಪಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತೇವೆ. ಹಾಗೆಯೇ ಕೆಲವು ಆಸ್ಪತ್ರೆಗಳಲ್ಲಿ ಐಸಿಯು ಮತ್ತು ವಾರ್ಡಿನ ನಡುವೆ ಎಚ್‌ಡಿಯು ಎಂಬ ಘಟಕವಿರುತ್ತದೆ.

ತಡವಾಗಲು ಕುಟುಂಬದವರ ಅಂಜಿಕೆಯೊಂದೇ ಕಾರಣವಲ್ಲ. ವಾರ್ಡಿನ ಹಾಸಿಗೆ ತೆರವಾಗುವುದು ಅಲ್ಲಿಯ ರೋಗಿ ಮನೆಗೆ ಹೊರಟಾಗ. ಅವರೋ ವಿಮಾ ಕಂಪನಿಯ ಒಪ್ಪಿಗೆಗಾಗಿ ಸಂಜೆಯವರೆಗೆ ಕುಳಿತಿರುತ್ತಾರೆ. ಅತ್ತ ಐಸಿಯು ಹಾಸಿಗೆಗಾಗಿ ಮತ್ತೊಬ್ಬರು ತುರ್ತು ವಿಭಾಗದಲ್ಲಿ ಸ್ಟ್ರೆಚರ್ ಮೇಲೆ ಕಾಯುತ್ತಿರುತ್ತಾರೆ. ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಗಳೊಳಗೆ ನಗದುರಹಿತ ಚಿಕಿತ್ಸೆಯ ಅಂತಿಮ ಒಪ್ಪಿಗೆ ನೀಡಬೇಕು, ತಡವಾದುದರಿಂದ ಆಸ್ಪತ್ರೆ ವಿಧಿಸುವ ಹೆಚ್ಚುವರಿ ವೆಚ್ಚವನ್ನು ವಿಮಾ ಕಂಪನಿಯೇ ಭರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಇದನ್ನು ತಿಳಿದವರು ಕಡಿಮೆ, ಕೇಳಿ ಪಡೆಯಬೇಕು.

ಹೀಗೆ ಹೊತ್ತು ಕಳೆದು ಐಸಿಯು ರೋಗಿ ನಡುರಾತ್ರಿ ವಾರ್ಡಿಗೆ ಬರುವುದೂ ಉಂಟು. ರಾತ್ರಿ ಸಿಬ್ಬಂದಿ ಕಡಿಮೆ. ರಾತ್ರಿ 10ರಿಂದ ಬೆಳಗ್ಗೆ 7ರ ನಡುವಣ ಸ್ಥಳಾಂತರವನ್ನು ಆದಷ್ಟು ತಪ್ಪಿಸಬೇಕೆಂದು ಬ್ರಿಟನ್ನಿನ ಮಾರ್ಗಸೂಚಿಯೇ ಇದೆ.

ವಾರ್ಡಿಗೆ ಕಳುಹಿಸುವ ಮಾತು ಬಂದಾಗ ವೈದ್ಯರಲ್ಲಿ ಸಂಕೋಚವಿಲ್ಲದೆ ವಿಚಾರಿಸಿರಿ: ಆಮ್ಲಜನಕ ಇನ್ನೆಷ್ಟು ಬೇಕು, ವಾರ್ಡಿನಲ್ಲಿ ಎಷ್ಟು ಗಂಟೆಗೊಮ್ಮೆ ಪರೀಕ್ಷಿಸುತ್ತಾರೆ, ಯಾವ ಲಕ್ಷಣ ಕಂಡರೆ ಕೂಡಲೇ ಕರೆಯಬೇಕು. ಹಿರಿಯರ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದಿದ್ದರೆ ಅಂದೇ ತರಿಸಿರಿ.