ಫಲಿತಾಂಶ ಮತ್ತು ದೋಷಸೂಚನೆ: ಗಣಕ ಪ್ರೋಗ್ರಾಮಿನ ಎರಡು ನಿರ್ಗಮದ್ವಾರಗಳು

ಕೀಲಿಮಣೆಯಿಂದ ಆಜ್ಞೆಯಿತ್ತು ನಡೆಯಿಸುವ ಗಣಕ ಪ್ರೋಗ್ರಾಮುಗಳು ಹೊರಗೆಡಹುವ ಬರಹ ಎರಡು ಬಗೆಯದು. ಒಂದು, ಕೇಳಿದ ಕೆಲಸದ ಫಲಿತಾಂಶ. ಇನ್ನೊಂದು, ಆ ಕೆಲಸದ ಪ್ರಗತಿಯನ್ನೂ ಅದಕ್ಕೊದಗಿದ ವಿಘ್ನವನ್ನೂ ಕುರಿತ ಸೂಚನೆ. ತೆರೆಯ ಮೇಲೆ ಇವು ಬೆರೆತು ಕಂಡರೂ ಬೇರೆ ಬೇರೆ ದ್ವಾರಗಳಿಂದ ಬಂದವು. ಈ ವಿಂಗಡಣೆಯ ಪ್ರಯೋಜನವನ್ನೂ ಮಿತಿಯನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಗೆ 1973ರಲ್ಲಿ, ಡಗ್ಲಾಸ್ ಮೆಕಿಲ್‌ರಾಯ್ ಅವರ ಸಲಹೆಯಂತೆ, ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ನೇರವಾಗಿ ಮತ್ತೊಂದಕ್ಕೆ ಹರಿಯಿಸುವ 'ಪೈಪ್' ಎಂಬ ಏರ್ಪಾಡು ಸೇರಿತು. ಆಗ ದೋಷಸೂಚನೆಗಳೂ ಫಲಿತಾಂಶದ ದಾರಿಯನ್ನೇ ಹಿಡಿಯುತ್ತಿದ್ದುವು. ಅಕ್ಷರ ಜೋಡಿಸುವ ಯಂತ್ರದಿಂದ, ನಿರೀಕ್ಷಿಸಿದ ಪುಟಕ್ಕೆ ಬದಲಾಗಿ, ಕಡತವನ್ನು ತೆರೆಯಲಾಗಲಿಲ್ಲವೆಂಬ ಒಂದೇ ಸಾಲು ಅಂದವಾಗಿ ಮೂಡಿ ಬಂದ ಸಂಗತಿಯನ್ನು ಅಲ್ಲಿಯವರೇ ಆದ ಸ್ಟೀಫನ್ ಜಾನ್ಸನ್ ಸ್ಮರಿಸಿದ್ದಾರೆ. ಇಂತಹ ತೊಡಕುಗಳ ಪರಿಹಾರವಾಗಿ ದೋಷಸೂಚನೆಗೆ ಪ್ರತ್ಯೇಕ ದ್ವಾರವೊಂದು ಏರ್ಪಟ್ಟಿತು.

ಅಂದಿನಿಂದ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಮೂರು ದ್ವಾರಗಳು: 0 ಎಂಬುದು ಪ್ರವೇಶ, 1 ಎಂಬುದು 'ಸ್ಟ್ಯಾಂಡರ್ಡ್ ಔಟ್‌ಪುಟ್', ಎಂದರೆ ಫಲಿತಾಂಶ, 2 ಎಂಬುದು 'ಸ್ಟ್ಯಾಂಡರ್ಡ್ ಎರರ್', ಎಂದರೆ ಸೂಚನೆ. ಆಜ್ಞೆಯಲ್ಲಿ '>' ಎಂಬ ಚಿಹ್ನೆ ಮೊದಲನೆಯ ನಿರ್ಗಮವನ್ನೂ, '2>' ಎಂಬುದು ಎರಡನೆಯದನ್ನೂ ಕಡತಕ್ಕೆ ತಿರುಗಿಸುತ್ತದೆ.

ನಿದರ್ಶನಕ್ಕೆ, ಎರಡು ತರಗತಿಗಳ ಹೆಸರುಪಟ್ಟಿಗಳನ್ನು 'ಕ್ಯಾಟ್' ಪ್ರೋಗ್ರಾಮಿನಿಂದ ಕೂಡಿಸಿ, 'ಸಾರ್ಟ್' ಪ್ರೋಗ್ರಾಮಿನಿಂದ ಅಕಾರಾದಿಯಾಗಿ ಜೋಡಿಸಿ, ಕಡತದಲ್ಲಿಡುವೆವೆನ್ನೋಣ. ಎರಡನೆಯ ಪಟ್ಟಿ ಅಲ್ಲಿಲ್ಲ. ದ್ವಾರವು ಒಂದೇ ಆಗಿದ್ದರೆ, ಪಟ್ಟಿ ಸಿಗಲಿಲ್ಲವೆಂಬ ಸೂಚನೆಯೇ ವಿದ್ಯಾರ್ಥಿಯೊಬ್ಬನ ಹೆಸರಿನಂತೆ ಸಾಲಿನಲ್ಲಿ ಸೇರಿಬಿಡುತ್ತಿತ್ತು. ದ್ವಾರಗಳು ಬೇರೆಯಾದುದರಿಂದ ಕಡತ ಶುದ್ಧವಾಗಿ ಉಳಿದು, ಸೂಚನೆ ತೆರೆಯ ಮೇಲೆ ಕಾಣುತ್ತದೆ.

ಆದರೆ ಶುದ್ಧಿ ಬೇರೆ, ಪೂರ್ಣತೆ ಬೇರೆ. ಮೇಲಿನ ಕಡತದಲ್ಲಿ ಒಂದು ತರಗತಿಯೇ ಇಲ್ಲ; ರಾತ್ರಿಯ ಹೊತ್ತು ತಾನಾಗಿ ನಡೆಯುವ ಕೆಲಸವಾದರೆ ಸೂಚನೆಯನ್ನು ಓದುವವರೂ ಇಲ್ಲ. ಎರಡನೆಯ ದ್ವಾರದಲ್ಲಿ ಬರಹ ಕಂಡ ಮಾತ್ರಕ್ಕೆ ದೋಷವೆಂದು ನಿರ್ಣಯಿಸುವಂತೆಯೂ ಇಲ್ಲ: 'ಕರ್ಲ್' ಎಂಬ ಪ್ರೋಗ್ರಾಮು ಪ್ರಗತಿಯ ಲೆಕ್ಕವನ್ನೂ ಅಲ್ಲಿಗೇ ಕಳುಹಿಸುತ್ತದೆ. ಆದಕಾರಣ ಪ್ರೋಗ್ರಾಮು ಮುಗಿಯುವಾಗ ಕೊಡುವ ಸಂಖ್ಯೆಯನ್ನು ಪರೀಕ್ಷಿಸಬೇಕು. 0 ಎಂದರೆ ಸಾಫಲ್ಯ. ಬೇರೆ ಸಂಖ್ಯೆ ಸಾಮಾನ್ಯವಾಗಿ ವೈಫಲ್ಯ.

ಇಲ್ಲಿಯೂ ಎಚ್ಚರ ಬೇಕು. ಪೈಪಿನಲ್ಲಿ ಸಾಮಾನ್ಯವಾಗಿ ಕೊನೆಯ ಪ್ರೋಗ್ರಾಮಿನ ಸಂಖ್ಯೆ ಮಾತ್ರ ದೊರೆಯುತ್ತದೆ. 'ಕ್ಯಾಟ್' ಸೋತರೂ 'ಸಾರ್ಟ್' ಗೆದ್ದುದರಿಂದ 0 ಬರುತ್ತದೆ. ನಡುವಣ ಸೋಲನ್ನು ಹೊರಗೆಡಹುವ 'ಪೈಪ್‌ಫೇಲ್' ಎಂಬ ವಿಕಲ್ಪವು 2024ರ ಪೋಸಿಕ್ಸ್ ಪ್ರಮಾಣದಲ್ಲಿ ಸ್ಥಾನ ಪಡೆದಿದೆ. ಫಲಿತಾಂಶವನ್ನು ನಂಬುವ ಮುನ್ನ ಅದು ಕೊಳೆಯಿಲ್ಲದ್ದೇ ಎಂಬುದರೊಡನೆ ಕೊರತೆಯಿಲ್ಲದ್ದೇ ಎಂಬುದನ್ನೂ ಅಭ್ಯಾಸಿಗಳು ವಿಚಾರಿಸತಕ್ಕದ್ದು.